ನಡುವೆ ಬಾಯಿ ಹಾಕುವವರು

ನಾನು ಕೆಲಸ ಮಾಡಿದ ಸಹಕಾರ ಸಂಘದ ನಡಾವಳಿ ಪುಸ್ತಕಗಳನ್ನು ನೂರು ವರ್ಷದ ನಂತರ ಯಾರಾದರೂ ತೆಗೆದು ಓದಿದರೆ, ಆ ಊರಿನಲ್ಲಿ ಋಷಿಮುನಿಗಳೇ ಷೇರುದಾರರಾಗಿದ್ದರೆಂದು ನಂಬುತ್ತಾರೆ. ‘ಸದರಿ ವಿಷಯವನ್ನು ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂಬ ಸಾಲು ಪುಟಪುಟದಲ್ಲೂ ಸಿಗುತ್ತದೆ. ಆ ಸಾಲು ಬರೆದೇ ಸಂಬಳ ತಿಂದವಳು ನಾನು. ಸುದೀರ್ಘ ಚರ್ಚೆ ಎಂದರೇನೆಂದು ನನ್ನ ಕಿವಿಗೆ ಗೊತ್ತು. ಕಾರ್ಯದರ್ಶಿಗಳು ಎದ್ದು “ಗೊಬ್ಬರದ ಬಾಬ್ತು...” ಎನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ “ಹೋದ ವರ್ಷದ್ದು ಹೇಳ್ರೀ ಮೊದ್ಲು”, ಬಾಗಿಲ ಬಳಿಯಿಂದ “ಅವ್ರನ್ನ ಮಾತಾಡಕ್ಕೆ ಬಿಡ್ರಪ್ಪಾ”, ಹಾಗೆಂದವರ ಮೇಲೆ ಇನ್ನೊಬ್ಬರು, “ನೀನ್ಯಾರಯ್ಯ ಅದ್ನ ಹೇಳೋಕೆ?” ಇವೆಲ್ಲದರ ಅಡಿಯಲ್ಲಿ ಅಧ್ಯಕ್ಷರು ಮೇಜು ಕುಟ್ಟುತ್ತ “ಶಾಂತಿ, ಶಾಂತಿ”. ಪಿಟ್‌ಮನ್ ಸಾಹೇಬರ ಶೀಘ್ರಲಿಪಿಯಲ್ಲಿ ನಿಮಿಷಕ್ಕೆ 120 ಪದ ಹಿಡಿಯಬಹುದು ನಿಜ. ಆದರೆ ಆ ಪದಗಳು ಒಂದರ ಹಿಂದೊಂದು ಬರುವ ಸೌಜನ್ಯ ತೋರಿಸಬೇಕು. ನನ್ನ ಪೆನ್ಸಿಲ್ಲಿಗೆ ಇದ್ದದ್ದು ಒಂದೇ ಮೊನೆ.

ದೊಡ್ಡ ಮನೆಯಲ್ಲೂ ಇದೇ ಪಾಡು. ಲೋಕಸಭೆಯ ಮುದ್ರಿತ ವರದಿ ತೆಗೆದು ನೋಡಿ. ಹತ್ತಾರು ಸದಸ್ಯರು ಒಟ್ಟಿಗೆ ಎದ್ದು ಕೂಗಿದ ಕಡೆ ಕಂಸದೊಳಗೆ ‘ಇಂಟರಪ್ಷನ್ಸ್’ ಎಂಬ ಒಂದೇ ಪದ ಕೂತಿರುತ್ತದೆ. ಗಂಟಲು ಹರಿದುಕೊಂಡವರು, ಪಕ್ಕದವರಿಗೆ ಕೇಳಿಸುವಷ್ಟೇ ಚಟಾಕಿ ಹಾರಿಸಿದವರು, ಮಂತ್ರಿಗೆ ಅಂಕಿ ನೆನಪಾಗದಾಗ ಹಿಂದಿನಿಂದ ಅಂಕಿ ಒದಗಿಸಿದವರು ಎಲ್ಲರೂ ಆ ಕಂಸದೊಳಗೇ. ಬರೆದುಕೊಳ್ಳುವ ಸಹೋದ್ಯೋಗಿಗಳ ಕಷ್ಟ ನನಗೆ ಅರ್ಥವಾಗುತ್ತದೆ. ಆ ಕಂಸ ನನಗೆ ಸಿಕ್ಕಿದ್ದರೆ ನಾನೂ ಧಾರಾಳವಾಗಿ ಬಳಸುತ್ತಿದ್ದೆ.

ನಮ್ಮಂಥವರು ಹೀಗೆ ಗುಡಿಸಿ ಹೊರಗೆ ಹಾಕಿದ್ದನ್ನು ಹೆಕ್ಕಿ ಜೋಪಾನವಾಗಿ ಎತ್ತಿಟ್ಟವರೂ ಒಬ್ಬ ಟೈಪಿಸ್ಟೇ ಎಂದು ತಿಳಿದಾಗ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಅಮೆರಿಕದ ಗೇಲ್ ಜೆಫರ್ಸನ್. ಓದಿದ್ದು ನೃತ್ಯ. 1963ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗುಮಾಸ್ತೆಯಾಗಿ ಕೂತು, ಜೈಲು ಕಾವಲುಗಾರರ ತರಬೇತಿಯ ಧ್ವನಿಮುದ್ರಣ ಕೇಳಿ ಟೈಪು ಮಾಡುತ್ತಿದ್ದರು. ಎರಡು ವರ್ಷದ ಮೇಲೆ ಹಾರ್ವಿ ಸ್ಯಾಕ್ಸ್ ಎಂಬ ಮೇಷ್ಟರ ತರಗತಿಗೆ ಹೋದರು. ಅಲ್ಲಿಂದ ಮುಂದೆ ಆಕೆ ಟೈಪು ಮಾಡಿದ ರೀತಿ ನೋಡಿದರೆ ನಮ್ಮ ಕಾರ್ಯದರ್ಶಿಗಳು ಕೆಲಸದಿಂದ ತೆಗೆಯುತ್ತಿದ್ದರು. ಕೆಮ್ಮು, ಉಸಿರು, ನಗುವಿನ ಹ-ಹ-ಹ, ಅರ್ಧಕ್ಕೆ ನುಂಗಿದ ಪದ, ಏನನ್ನೂ ಬಿಡಲಿಲ್ಲ. ಇಬ್ಬರ ಮಾತು ಒಂದರ ಮೇಲೊಂದು ಬಿದ್ದರೆ, ಎರಡು ಸಾಲನ್ನೂ ಬರೆದು, ಡಿಕ್ಕಿ ಹೊಡೆದ ಅಕ್ಷರದ ನೇರಕ್ಕೇ ಎರಡರಲ್ಲೂ ಒಂದೊಂದು ಚೌಕ ಆವರಣ ಹಾಕಿದರು. ಲೋಕಸಭೆಯಲ್ಲಿ ಮಾತು ಮುಚ್ಚುವ ಆವರಣ, ಇಲ್ಲಿ ಮಾತನ್ನು ತೆರೆದು ತೋರಿಸಿತು.

1974ರಲ್ಲಿ ಸ್ಯಾಕ್ಸ್, ಶೆಗ್ಲಾಫ್, ಜೆಫರ್ಸನ್ ಮೂವರೂ ಸೇರಿ ಬರೆದ ಪ್ರಬಂಧ ಈ ಮಾತುಕತೆಯ ಶಾಸ್ತ್ರಕ್ಕೆ ತಳಹದಿಯಂತೆ. ಸಾಮಾನ್ಯವಾಗಿ ಒಂದು ಹೊತ್ತಿಗೆ ಒಬ್ಬರೇ ಮಾತಾಡುತ್ತಾರೆ, ಮೇಲೆಬೀಳುವುದು ಪದೇ ಪದೇ ಆಗುತ್ತದೆ, ಆದರೆ ಕ್ಷಣಕಾಲ ಮಾತ್ರ ಎಂದು ಅದರಲ್ಲಿದೆ. ಪಾಪ, ಅವರು ಹಾಸನದಲ್ಲಿ ನಮ್ಮ ದೊಡ್ಡಮ್ಮನ ಮನೆಗೆ ಬಂದಿರಲಿಲ್ಲ.

ಈ ವಿಚಾರವೆಲ್ಲ ನನಗೆ ಬಂದದ್ದು ಅಣ್ಣನ ಮಗಳು ಪುಟ್ಟಿಯಿಂದ. ಅವಳು ಬೆಂಗಳೂರಿನಲ್ಲಿ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು, ಪರದೆಯ ಮೇಲೆ ಏರಿಳಿಯುವ ಗೀಟುಗಳನ್ನು ನೋಡುತ್ತ, ಯಾರದೋ ಕನ್ನಡ ಮಾತುಕತೆ ಕೇಳಿ ಗುರುತು ಹಾಕುವ ಕೆಲಸ ಮಾಡುತ್ತಾಳೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬಿದ್ದ ಜಾಗ ಹುಡುಕಬೇಕು, ಎಲ್ಲಿಂದ ಎಲ್ಲಿಗೆ ಎಂದು ಕತ್ತರಿಸಬೇಕು, ಆ ಚೂರು ಯಾವ ಜಾತಿಯದೆಂದು ಚೀಟಿ ಅಂಟಿಸಬೇಕು. ಇಬ್ಬರು ಒಂದೇ ಚೂರಿಗೆ ಬೇರೆ ಬೇರೆ ಚೀಟಿ ಅಂಟಿಸಿದರೆ ಮೂರನೆಯವರ ಬಳಿ ಪಂಚಾಯ್ತಿ. ಹೀಗೆ ಸಾವಿರಾರು ಚೂರು ತಿನ್ನಿಸಿದ ಮೇಲೆ ಕಂಪ್ಯೂಟರು ತಾನಾಗಿ ಜಾತಿ ಹೇಳಲು ಕಲಿಯುತ್ತದೆ. ದಸರೆಗೆ ನಮ್ಮನೆಗೆ ಬಂದವಳು ಲ್ಯಾಪ್‌ಟಾಪನ್ನೂ ಹೊತ್ತು ತಂದಿದ್ದಳು.

“ಅತ್ತೆ, ಇದನ್ನ ಕೇಳಿ. ಜಗಳಾನಾ, ಪ್ರೀತಿನಾ?”

ಕೇಳಿದೆ. ಒಬ್ಬಾಕೆ “ಮೊನ್ನೆ ಅವರ ಮನೆಗೆ ಹೋಗಿದ್ದಾಗ” ಎನ್ನುತ್ತಿದ್ದಾಳೆ, ಇನ್ನೊಬ್ಬಾಕೆ ಅದರ ಮೇಲೇ “ಹೌದಾ, ಹೋಗಿದ್ಯಾ, ಏನಂದ್ರು” ಎನ್ನುತ್ತಿದ್ದಾಳೆ.

“ಎರಡೂ ಅಲ್ಲ ಕಣೆ. ಹೊಟ್ಟೆಕಿಚ್ಚು,” ಎಂದೆ.

“ಆ ಚೀಟಿ ನಮ್ಮ ಹತ್ರ ಇಲ್ಲ, ಅತ್ತೆ.”

ಇರುವ ಚೀಟಿಗಳೇನು ಎಂದು ಕೇಳಿದೆ. ಅದೇ ಶೆಗ್ಲಾಫ್ 2000ದಲ್ಲಿ ಬರೆದ ಇನ್ನೊಂದು ಪ್ರಬಂಧದಲ್ಲಿ, ಮೇಲೆಬಿದ್ದರೂ ಜಗಳವಲ್ಲದ ಮಾತುಗಳನ್ನು ವಿಂಗಡಿಸಿಟ್ಟಿದ್ದಾರೆ. ಎದುರಿನವರ ವಾಕ್ಯ ಮುಗಿಯುತ್ತ ಬಂತೆಂದು ಲೆಕ್ಕಹಾಕಿ ಅದರ ಬಾಲದ ಮೇಲೆ ಕಾಲಿಡುವುದು ಒಂದು. ಹೆಸರು ನೆನಪಾಗದೆ “ಅದೇ, ಆ ತಿಪಟೂರಿನ... ಕೊಬ್ಬರಿ ಮಂಡಿ...” ಎಂದು ತಡವರಿಸುವವರಿಗೆ “ಪುಟ್ಟಸ್ವಾಮಿನಾ?” ಎಂದು ಕೈಹಿಡಿಯುವುದು ಇನ್ನೊಂದು. ಎಲ್ಲರೂ ಒಟ್ಟಿಗೇ ಮಾಡಬೇಕಾದ ನಗು, ಸ್ವಾಗತ, ಬೀಳ್ಕೊಡುಗೆ ಬೇರೊಂದು. ಗೇಟಿನ ಬಳಿ ನಿಂತು “ಬರ್ತೀವಿ”, “ಬನ್ನಿ ಮತ್ತೆ”, “ಹೋದ ತಕ್ಷಣ ಫೋನ್ ಮಾಡಿ”, “ಡಬ್ಬಿ ಮರೆತ್ರಿ” ಎನ್ನುವಾಗ ಸರದಿಯಲ್ಲಿ ಮಾತಾಡಿದವರನ್ನು ನಾನಂತೂ ಕಂಡಿಲ್ಲ. ಹಾಗೆ ಮಾತಾಡಿದರೆ ಅತಿಥಿಗಳು ಏನೋ ಮನಸ್ತಾಪವಾಗಿದೆ ಎಂದುಕೊಂಡಾರು.

ಮತ್ತೆ ಹೂಂಗುಟ್ಟುವುದು. 1970ರಲ್ಲಿ ವಿಕ್ಟರ್ ಇಂಗ್ವೆ ಎಂಬ ವಿದ್ವಾಂಸರು ಅದಕ್ಕೆ ‘ಬ್ಯಾಕ್ ಚಾನೆಲ್’ ಎಂದು ನಾಮಕರಣ ಮಾಡಿದ ಮೇಲೆ ಶಾಸ್ತ್ರದೊಳಗೆ ಅದಕ್ಕೊಂದು ಮಣೆ ಸಿಕ್ಕಿತು. ನಮ್ಮಜ್ಜಿ ಕತೆ ಹೇಳುವಾಗ ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು; ರಾಜಕುಮಾರಿ ರಾಕ್ಷಸನ ಗುಹೆಯಲ್ಲೇ ರಾತ್ರಿ ಕಳೆಯುತ್ತಿದ್ದಳು. ಅದೇ ಅಜ್ಜಿ ಕೇಳುವವಳಾಗಿ ಕೂತರೆ ಅವಳ ಹೂಂಗಳಿಗೆ ಒಂದು ನಿಘಂಟೇ ಬೇಕಿತ್ತು. ಗಿಡ್ಡ ಹೂಂ ಎಂದರೆ ಮುಂದೆ ಹೇಳು. ಎಳೆದ ಹೂಂ ಎಂದರೆ ಇದೆಲ್ಲ ಗೊತ್ತಿರುವುದೇ. ಮೂಗಿನಿಂದ ಮೇಲಕ್ಕೆ ಹೋದ ಹೂಂ ಎಂದರೆ ನೀನು ಹೇಳುತ್ತಿರುವುದು ಶುದ್ಧ ಸುಳ್ಳು, ಆದರೂ ಚೆನ್ನಾಗಿದೆ, ನಡೆಸು. ಸೊಸೆಯರ ತವರುಮನೆಯ ವರ್ಣನೆಗೆ ಒಂದು ಪ್ರತ್ಯೇಕ ಹೂಂ ಇತ್ತು. ಅದನ್ನು ಇಲ್ಲಿ ವಿವರಿಸುವುದಿಲ್ಲ, ಸೊಸೆಯರು ಇನ್ನೂ ಇದ್ದಾರೆ.

ಇವನ್ನೆಲ್ಲ ಕಳೆದು ಉಳಿಯುವುದು, ಬಾಯಿಂದ ಮಾತು ಕಿತ್ತುಕೊಳ್ಳುವ ನಿಜವಾದ ಪೈಪೋಟಿ. ಕಿತ್ತುಕೊಳ್ಳುವವರನ್ನು ಯಂತ್ರ ಹೇಗೆ ಹಿಡಿಯುತ್ತದೆ? ಪುಟ್ಟಿ ಹೇಳಿದಂತೆ, ಮೊದಲು ಅದಕ್ಕೆ ಅಲ್ಲಿ ಎರಡು ದನಿ ಇವೆ ಎಂಬುದೇ ತಿಳಿಯಬೇಕು, ಅದೇ ದೊಡ್ಡ ಕಷ್ಟ. ‘ಯಾರು ಯಾವಾಗ ಮಾತಾಡಿದರು’ ಎಂದು ಪತ್ತೆಹಚ್ಚುವ ಹಳೆಯ ತಂತ್ರಾಂಶಗಳು ಒಂದು ಗಳಿಗೆಗೆ ಒಬ್ಬರೇ ಮಾತಾಡುತ್ತಾರೆಂದು ನಂಬಿಕೊಂಡೇ ಕೆಲಸ ಶುರುಮಾಡುತ್ತಿದ್ದವು. ತಮಾಷೆಯೆಂದರೆ, ಅವುಗಳಿಗೆ ಇಡುತ್ತಿದ್ದ ಎಷ್ಟೋ ಪರೀಕ್ಷೆಗಳಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದ ಭಾಗವನ್ನು ಅಂಕಕ್ಕೇ ಹಿಡಿಯುತ್ತಿರಲಿಲ್ಲ. ಸಿಲಬಸ್ಸಿನಲ್ಲಿ ಇಲ್ಲ ಎಂದು ಬಿಟ್ಟುಬಿಡುವುದು. ನನ್ನ ಸರ್ವಾನುಮತಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಎರಡು ದನಿ ಇವೆ ಎಂದು ಗೊತ್ತಾದ ಮೇಲೆ ಸ್ವಭಾವ ಪರೀಕ್ಷೆ. 1983ರಲ್ಲಿ ಪೀಟರ್ ಫ್ರೆಂಚ್ ಮತ್ತು ಜಾನ್ ಲೋಕಲ್ ಎಂಬ ಇಬ್ಬರು ಇಂಗ್ಲೆಂಡಿನವರು ಒಂದು ಸೂಕ್ಷ್ಮ ಗುರುತಿಸಿದರು. ನಡುವೆ ಬಂದವರು ಎಲ್ಲಿ ಬಂದರು ಎನ್ನುವುದಕ್ಕಿಂತ ಹೇಗೆ ಬಂದರು ಎನ್ನುವುದು ಮುಖ್ಯ. ದನಿ ಜೋರಾಗಿ, ಜೊತೆಗೆ ಶ್ರುತಿಯೂ ಮೇಲಕ್ಕೇರಿದ್ದರೆ ಅದು ಕಿತ್ತುಕೊಳ್ಳುವ ಮಾತು. ಯಂತ್ರವೂ ಇದನ್ನೇ ಅಳೆಯುತ್ತದೆ: ಶ್ರುತಿ ಎಷ್ಟು ಏರಿತು, ಗಂಟಲು ಎಷ್ಟು ದೊಡ್ಡದಾಯಿತು, ಡಿಕ್ಕಿ ಎಷ್ಟು ಹೊತ್ತು ನಡೆಯಿತು, ಕೊನೆಗೆ ಬಾಯಿ ಮುಚ್ಚಿದ್ದು ಯಾರು. ಇಟಲಿಯ ಟ್ರೆಂಟೊ ವಿಶ್ವವಿದ್ಯಾಲಯದವರು 2015ರಲ್ಲಿ ಕಾಲ್ ಸೆಂಟರಿನ ಇಟಾಲಿಯನ್ ಕರೆಗಳನ್ನು ಹಿಡಿದು, ಮೇಲೆಬಿದ್ದ ಮಾತನ್ನು ಪೈಪೋಟಿಯದು, ಅಲ್ಲದ್ದು ಎಂದು ಎರಡು ಪಾಲು ಮಾಡುವ ಕೆಲಸ ಮಾಡಿದ್ದಾರೆ. ಇಟಲಿಯವರು, ಅದೂ ಗ್ರಾಹಕರು, ಅದೂ ಫೋನಿನಲ್ಲಿ. ಧೈರ್ಯ ಮೆಚ್ಚಬೇಕು.

ಇದನ್ನೆಲ್ಲ ಕೇಳಿದ ಮೇಲೆ ನನಗೆ ಅಟ್ಟದ ಮೇಲಿನ ಕ್ಯಾಸೆಟ್ಟು ನೆನಪಾಯಿತು. ಅಣ್ಣ ಹೊಸದಾಗಿ ಟೂ-ಇನ್-ಒನ್ ಕೊಂಡ ವರ್ಷ, ದೀಪಾವಳಿ ಊಟದ ಹೊತ್ತಿಗೆ ಅದನ್ನು ಗೋಡೆಗೂಡಿನಲ್ಲಿಟ್ಟು ಕೆಂಪು ಗುಂಡಿ ಒತ್ತಿದ್ದ. ಪುಟ್ಟಿ ಹೇಗೋ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡಳು. ಇಂಥ ಸಂಶೋಧನೆಗೆಂದು ಅಮೆರಿಕದ ಬರ್ಕ್ಲಿಯ ಸಂಸ್ಥೆಯೊಂದು 2000ದಿಂದ 2002ರವರೆಗೆ ತನ್ನ 75 ಸಭೆಗಳನ್ನು, ಸುಮಾರು 72 ಗಂಟೆ, ಮುದ್ರಿಸಿಕೊಂಡಿತ್ತು. ಅಲ್ಲಿ ಒಂದೊಂದು ಬಾಯಿಗೂ ಒಂದೊಂದು ಮೈಕು, ಮೇಜಿನ ಮೇಲೆ ಬೇರೆ ಮೈಕುಗಳು. ನಮ್ಮಲ್ಲಿ ಇಡೀ ಪಂಕ್ತಿಗೆ ಒಂದೇ ಕಿವಿ, ಅದೂ ಒರಳುಕಲ್ಲಿನ ಪಕ್ಕ. ತಂತ್ರಾಂಶ ಬಹಳ ಹೊತ್ತು ಯೋಚಿಸಿ, ಹನ್ನೆರಡು ಎಲೆ ಹಾಕಿದ್ದ ಪಂಕ್ತಿಯಲ್ಲಿ ಮೂವರಿದ್ದಾರೆ ಎಂದಿತು. ಆ ಮೂವರಲ್ಲಿ ಒಬ್ಬರು ಕುಕ್ಕರು.

ಕೈಯಿಂದಲೇ ಗುರುತು ಹಾಕೋಣ ಎಂದು ಇಬ್ಬರೂ ಕೂತೆವು. ದೊಡ್ಡಮ್ಮ ಹೋಳಿಗೆ ಬಡಿಸುತ್ತ ಬರುತ್ತಿದ್ದಾಳೆ. “ಒಂದೇ ಒಂದು, ಸಣ್ಣದು.” ಸೋದರಮಾವನ ದನಿ ಅದರ ಮೇಲೇ, “ಸಾಕು, ಸಾಕು, ಸಾಕಮ್ಮಾ, ಅಯ್ಯೋ!” ದೊಡ್ಡಮ್ಮ, “ಏನು ಸಾಕು, ತಿಂದಿದ್ದೇ ಒಂದು.” ಮಾವ, “ಮೂರಾಯ್ತು!” ದೊಡ್ಡಮ್ಮ, “ಲೆಕ್ಕ ಇಡ್ತಾರೇನೋ ಹಬ್ಬದ ದಿನ!” ಯಾರೂ ಯಾರಿಗೂ ಬಿಟ್ಟುಕೊಡುತ್ತಿಲ್ಲ. ದನಿ ಏರಿದೆ, ಶ್ರುತಿ ಏರಿದೆ. ಫ್ರೆಂಚ್ ಮತ್ತು ಲೋಕಲ್ ಹೇಳಿದ ಎಲ್ಲ ಲಕ್ಷಣಗಳೂ ಕೂಡಿ ಬಂದಿವೆ. ತಂತ್ರಾಂಶ ಈ ಚೂರಿಗೆ ಒಂದಿಷ್ಟೂ ಅನುಮಾನವಿಲ್ಲದೆ ‘ಪೈಪೋಟಿ’ ಎಂಬ ಚೀಟಿ ಹಚ್ಚಿತು. ಪುಟ್ಟಿ ಅದನ್ನು ಅಳಿಸಲು ಹೋದಳು, ನಾನು ಬೇಡವೆಂದೆ. ಪೈಪೋಟಿಯೇ ಅದು. ಎಲೆಯ ಮೇಲೆ ಅಂಗೈ ಅಡ್ಡ ಹಿಡಿದವರ ಬೆರಳ ಸಂದಿನಿಂದ ತುಪ್ಪ ಸುರಿದು ಗೆಲ್ಲುವುದು ದೊಡ್ಡಮ್ಮನ ಮಟ್ಟಿಗೆ ಜೀವನ್ಮರಣದ ಪ್ರಶ್ನೆಯಾಗಿತ್ತು. ಮಾವ ಸೋಲಲೆಂದೇ ಕೂತಿದ್ದ ಎನ್ನುವುದನ್ನು ಶ್ರುತಿ ಅಳೆದು ಕಂಡುಹಿಡಿಯಲು ಆಗದು.

ಡೆಬೊರಾ ಟ್ಯಾನೆನ್ ಎಂಬ ಭಾಷಾವಿಜ್ಞಾನಿ ಇಂಥದೇ ಒಂದು ಹಬ್ಬದೂಟವನ್ನು 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮುದ್ರಿಸಿ ಪುಸ್ತಕವನ್ನೇ ಬರೆದರು. ಊಟಕ್ಕೆ ಕೂತವರಲ್ಲಿ ನ್ಯೂಯಾರ್ಕಿನ ಕಡೆಯವರು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದರು, ಅವರಿಗೆ ಅದು ಆಸಕ್ತಿಯ ಗುರುತು. ಉಳಿದವರಿಗೆ ಬಾಯಿ ತೆರೆಯಲು ಸಂದೇ ಸಿಗಲಿಲ್ಲ. ಓದಿದಾಗ ನನಗೆ ನಮ್ಮ ಬೀಗರು ನೆನಪಾದರು. ಒಬ್ಬರು ಮುಗಿಸಿ, ಲೋಟ ಕೆಳಗಿಟ್ಟ ಮೇಲೆ ಇನ್ನೊಬ್ಬರು ಶುರುಮಾಡುವ ಮನೆತನ. ಮದುವೆ ಮಾತುಕತೆಗೆ ಬಂದಾಗ ಅವರು ಏನೂ ಕೇಳಲಿಲ್ಲ, ಬಹಳ ಒಳ್ಳೆಯವರು ಎಂದು ನಾವು ಬೀಗಿದ್ದೆವು. ಕೇಳಲು ನಾವು ಬಿಟ್ಟಿರಲಿಲ್ಲ ಎಂಬುದು ಆಮೇಲೆ ಅಳಿಯಂದಿರು ಹೇಳಿ ಗೊತ್ತಾಯಿತು.

ಈ ಸಂದಿನ ಉದ್ದವನ್ನೂ ಅಳೆದಿದ್ದಾರೆ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಹತ್ತು ಭಾಷೆಗಳಲ್ಲಿ, ಹೌದು-ಇಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಗೆ ಜವಾಬು ಎಷ್ಟು ಬೇಗ ಬರುತ್ತದೆಂದು ನೋಡಿತು. ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು. ಡೇನಿಷರು ಅರ್ಧ ಸೆಕೆಂಡಿನ ಹತ್ತಿರ ತೆಗೆದುಕೊಂಡರೆ, ಜಪಾನೀಯರು ಸರಾಸರಿ ಲೆಕ್ಕದಲ್ಲಿ ಹೆಚ್ಚುಕಡಿಮೆ ಸಂದೇ ಬಿಡಲಿಲ್ಲ. ಒಂದೇ ಒಂದು ಪದವನ್ನು ತಲೆಯಿಂದ ನಾಲಿಗೆಗೆ ತರಲು ಮನುಷ್ಯನಿಗೆ ಇದರ ಮೂರು ಪಟ್ಟು ಹೊತ್ತು ಬೇಕು. ಅಂದರೆ ಎದುರಿನವರು ಮುಗಿಸುವ ಮೊದಲೇ ನಾವು ಉತ್ತರ ಕಟ್ಟತೊಡಗಿರುತ್ತೇವೆ. ಕೇಳಿ ಮುಗಿಸಿ ಮಾತಾಡುವ ಸಭ್ಯರು ಲೋಕದಲ್ಲೆಲ್ಲೂ ಇಲ್ಲ. ಆ ಹತ್ತರಲ್ಲಿ ಕನ್ನಡ ಇರಲಿಲ್ಲ. ಇದ್ದಿದ್ದರೆ ನಾವು ಜಪಾನೀಯರ ಪಕ್ಕದಲ್ಲೇ ಕೂರುತ್ತಿದ್ದೆವೆಂದು ನನ್ನ ಅಂದಾಜು. ನಮ್ಮದೂ ಅವರ ಹಾಗೆಯೇ ಕ್ರಿಯಾಪದ ಕೊನೆಗೆ ಬರುವ ಭಾಷೆ. “ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಮೈಸೂರಿಗೆ” ಎಂದ ಮೇಲೆ ಹೋಗುತ್ತೇನೆ ಎನ್ನುವವರೆಗೆ ಕಾಯಲು ಯಾರಿಗೆ ತಾಳ್ಮೆ?

ನಮ್ಮಮ್ಮನಿಗಂತೂ ಇರಲಿಲ್ಲ. ಅಪ್ಪನ ಎಷ್ಟೋ ವಾಕ್ಯಗಳ ಕ್ರಿಯಾಪದ ಹಾಕಿದವಳು ಅವಳೇ. ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ ಅಪ್ಪನ ಚಾರ್ಮಾಡಿ ಘಾಟಿಯ ಕತೆ ಇದೆ. ಧರ್ಮಸ್ಥಳಕ್ಕೆ ಹೊರಟ ರಾತ್ರಿ ಬಸ್ಸು ತಿರುವಿನಲ್ಲಿ ನಿಂತುಬಿಟ್ಟದ್ದು, ಮಂಜು, ಹೆಡ್‌ಲೈಟಿನ ಬೆಳಕಿನಲ್ಲಿ ರಸ್ತೆ ದಾಟಿದ ಚಿರತೆ. ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಆ ಚಿರತೆಯೂ ಸಿಗುತ್ತಿತ್ತು.

“ನೋಡ್ತೀನಿ, ಒಂದು ದೊಡ್ಡ ಚಿರ...”

“ನಾಯಿ,” ಅಡುಗೆಮನೆಯಿಂದ.

“...ತೆ, ಇಷ್ಟುದ್ದ ಬಾಲ...”

“ನಾಯಿ ಕಣ್ರೀ ಅದು. ಕಂಡಕ್ಟರು ಬಿಸ್ಕತ್ತು ಹಾಕಿದ.”

“...ಕಣ್ಣು ಕೆಂಡದ ಹಾಗೆ. ನೀನು ನಿದ್ದೆ ಮಾಡ್ತಿದ್ಯಲ್ಲೇ!”

“ನೀವು ಕೂಗಿದ್ದಕ್ಕೇ ಎದ್ದೆ. ನಾಯಿ ನೋಡಿ ಕೂಗಿದ್ರಿ.”

ಚಿರತೆಯ ‘ಚಿರ’ಕ್ಕೂ ‘ತೆ’ಗೂ ನಡುವೆ ಅಮ್ಮನ ನಾಯಿ ಎಷ್ಟು ಸರಿಯಾಗಿ ಕೂರುತ್ತದೆಂದರೆ, ಪರದೆಯ ಮೇಲೆ ನೋಡಿದರೆ ಎರಡು ಗೀಟೂ ಒಂದಕ್ಕೊಂದು ಜಾಗ ಮಾಡಿಕೊಟ್ಟಂತೆ ಕಾಣುತ್ತದೆ. ಪುಟ್ಟಿ ದೊಡ್ಡದು ಮಾಡಿ ತೋರಿಸಿದಳು. ಅಪ್ಪ ‘ಚಿರ’ ಎಂದ ಮೇಲೆ ಒಂದು ಎಳೆ ನಿಧಾನಿಸುತ್ತಾನೆ. ಅವಳು ಬರುವುದಕ್ಕೆ ಬಿಟ್ಟ ಸಂದು ಅದು. ಬಾಯಿ ಹಾಕಬೇಡ ಎಂದು ಜೀವಮಾನವಿಡೀ ಗದರಿದ ಮನುಷ್ಯ.

ಅಮ್ಮ ಹೋದ ಮೇಲೂ ಅಪ್ಪ ಆ ಕತೆ ಹೇಳುತ್ತಿದ್ದ. ‘ಚಿರ’ ಎಂದು ನಿಧಾನಿಸುತ್ತಿದ್ದ. ಯಾರೂ ಏನೂ ಅನ್ನುತ್ತಿರಲಿಲ್ಲ. ನಾವೆಲ್ಲ ದೊಡ್ಡವರಾಗಿದ್ದೆವು, ವಯಸ್ಸಾದವರು ಮಾತಾಡುವಾಗ ಸುಮ್ಮನೆ ಕೇಳಬೇಕೆಂದು ಕಲಿತಿದ್ದೆವು. ಎದುರಿಲ್ಲದ ಚಿರತೆ ನಾಲ್ಕು ಹೆಜ್ಜೆ ನಡೆದು ಮುಗಿದುಹೋಗುತ್ತಿತ್ತು. ಕೊನೆಕೊನೆಗೆ ಒಂದು ಸಲ, ಕೇಳಲು ಬಂದ ಹೊಸ ಪರಿಚಯದವರ ಮುಂದೆ, ಅಪ್ಪ ತಾನಾಗಿಯೇ “ನಾಯಿಯೂ ಇದ್ದಿರಬಹುದು” ಎಂದುಬಿಟ್ಟ. ಬಂದವರಿಗೆ ಕತೆಯ ಸ್ವಾರಸ್ಯವೇ ತಿಳಿಯಲಿಲ್ಲ. ರಸ್ತೆಯಲ್ಲಿ ನಾಯಿ ನೋಡಿದ್ದನ್ನು ಇಷ್ಟು ಹೊತ್ತು ಹೇಳುತ್ತಾರಲ್ಲ ಎಂದು ಮುಖ ಮುಖ ನೋಡಿಕೊಂಡರು.

ಈಗ ನಮ್ಮ ಮನೆಯವರು ಸೇರುವುದು ಭಾನುವಾರದ ವಿಡಿಯೊ ಕರೆಯಲ್ಲಿ. ಒಬ್ಬ ಟೆಕ್ಸಾಸಿನಲ್ಲಿ, ಒಬ್ಬಳು ಪುಣೆಯಲ್ಲಿ, ನಾನು ಇಲ್ಲಿ. ಮಾತು ಸಮುದ್ರ ದಾಟಿ ಬರುವುದರೊಳಗೆ ಆ ಐದನೇ ಒಂದು ಸೆಕೆಂಡು ಎಂದೋ ಕಳೆದುಹೋಗಿರುತ್ತದೆ. ನಾವು ಬಿಟ್ಟ ಸಂದು ಅವರಿಗೆ ಕಾಣುವ ಹೊತ್ತಿಗೆ ನಾವೇ ಮತ್ತೆ ಶುರುಮಾಡಿರುತ್ತೇವೆ. “ಹೇಳು.” “ಇಲ್ಲ, ನೀನು ಹೇಳು.” “ಇಲ್ಲ ಇಲ್ಲ, ನೀನೇ ಏನೋ ಹೇಳ್ತಿದ್ದೆ.” ಇಬ್ಬರ ದನಿ ಕೂಡಿದರೆ ಒಂದನ್ನು ಅದುಮಿ ಇನ್ನೊಂದನ್ನು ಮಾತ್ರ ದಾಟಿಸುವ ಜಾಣತನ ಬೇರೆ ಆ ಕರೆಯ ತಂತ್ರಾಂಶಕ್ಕಿದೆ. ಹಾಗಾಗಿ ಮೂರೇ ವರ್ಷಗಳಲ್ಲಿ ನಮ್ಮ ಕುಟುಂಬದವರೆಲ್ಲ ಬೀಗರಷ್ಟು ಸಭ್ಯರಾಗಿದ್ದೇವೆ. ಮಾತಾಡಬೇಕೆನ್ನುವವರು ಪರದೆಯ ಮೇಲೆ ಹಳದಿ ಕೈ ಎತ್ತುತ್ತಾರೆ. ದೊಡ್ಡಮ್ಮನ ಮೊಮ್ಮಕ್ಕಳು, ಕೈ ಎತ್ತಿ ಮಾತಾಡುತ್ತಾರೆ! ಈ ಕರೆಗಳನ್ನು ಯಾವ ಯಂತ್ರ ಬೇಕಾದರೂ ತಪ್ಪಿಲ್ಲದೆ ಬರೆದುಕೊಳ್ಳಬಲ್ಲದು. ನಡಾವಳಿ ಬರೆಯಲು ಇಷ್ಟು ಅನುಕೂಲವಾದ ಸಭೆ ನನ್ನ ನೌಕರಿಯಲ್ಲಿ ಒಂದೂ ಸಿಕ್ಕಿರಲಿಲ್ಲ.

ಯಂತ್ರಗಳು ಹೂಂ ಯಾವುದು, ಅಡ್ಡಬಾಯಿ ಯಾವುದು ಎಂದು ಬೇಗ ಕಲಿಯಲಿ ಎಂದು ಪುಟ್ಟಿ ಹಂಬಲಿಸುವುದಕ್ಕೆ ಕಾರಣವಿದೆ. ಈಚೆಗೆ ಮಧ್ಯಾಹ್ನ ಎರಡರ ಹೊತ್ತಿಗೆ, ಕಣ್ಣು ಹತ್ತುವ ಸಮಯ ನೋಡಿಕೊಂಡು, ಸಾಲ ಕೊಡುತ್ತೇವೆಂದು ಒಂದು ಕರೆ ಬರುತ್ತದೆ. ಇಂಪಾದ ಹೆಣ್ಣು ದನಿ, ಅಚ್ಚ ಕನ್ನಡ, ಆದರೆ ಮನುಷ್ಯಳಲ್ಲ. “ನಮಸ್ಕಾರ, ನಿಮಗೆ ಮೊದಲೇ ಮಂಜೂರಾದ...” ಎಂದು ಶುರುಮಾಡುತ್ತದೆ. ನಾನು ಅಭ್ಯಾಸಬಲದಿಂದ ಹೂಂ ಎಂದೆ. ಅದು ಥಟ್ಟನೆ ನಿಂತಿತು. ನಡುವೆ ಬಾಯಿ ಹಾಕಿದೆನೆಂದು ತಿಳಿದು, ನನ್ನ ಮಾತಿಗಾಗಿ ಕಾಯಿತು. ನಾನು ಅದರ ಮಾತಿಗಾಗಿ ಕಾಯ್ದೆ. “ಕ್ಷಮಿಸಿ, ನೀವು ಹೇಳಿದ್ದು ತಿಳಿಯಲಿಲ್ಲ” ಎಂದು ಮತ್ತೆ ನಮಸ್ಕಾರದಿಂದ ಆರಂಭಿಸಿತು. ಮತ್ತೆ ಹೂಂ ಎಂದೆ.

ಪುಟ್ಟಿಯ ಪ್ರಕಾರ ಫೋನು ಇಟ್ಟುಬಿಡುವುದು ಸುಲಭ. ಇರಬಹುದು. ಆದರೆ ಅಜ್ಜಿಯ ನಿಘಂಟಿನ ಒಂದೊಂದೇ ಹೂಂ ತೆಗೆದು ಪ್ರಯೋಗಿಸಲು ನನಗೆ ಬೇರೆ ಯಾರು ಸಿಗುತ್ತಾರೆ? ಗಿಡ್ಡದು, ಎಳೆದದ್ದು, ಮೂಗಿನದು ಎಲ್ಲಕ್ಕೂ ಅದು ಅಷ್ಟೇ ವಿನಯದಿಂದ ನಿಂತು, ಕ್ಷಮೆ ಕೇಳಿ, ಮೊದಲಿನಿಂದ ಶುರುಮಾಡುತ್ತದೆ. ಬಡ್ಡಿ ದರದವರೆಗೆ ಇನ್ನೂ ತಲುಪಿಲ್ಲ.